29 ಪದಕ, ಒಬ್ಬನೇ ಈಜುಗಾರ

ಮೊದಲ ನಾಲ್ಕು ಎಸೆತವೂ ಫೌಲ್. 2024ರ ಸೆಪ್ಟೆಂಬರ್ 4ರ ರಾತ್ರಿ, ಪ್ಯಾರಿಸ್ಸಿನ ಸ್ತಾದ್ ದ ಫ್ರಾನ್ಸ್ ಕ್ರೀಡಾಂಗಣ. ಹರಿಯಾಣದ ಸೋನಿಪತ್ ಜಿಲ್ಲೆಯ ಧರಮ್‌ಬೀರ್, ನೆಲಕ್ಕೆ ಬಿಗಿದ ಲೋಹದ ಚೌಕಟ್ಟಿನ ಮೇಲೆ ಪಟ್ಟಿಗಳಿಂದ ಕಟ್ಟಿಸಿಕೊಂಡು ಕುಳಿತಿದ್ದರು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಬೆರಳುಗಳ ಹಿಡಿತವೂ ದುರ್ಬಲ. ಕೈಯಲ್ಲಿದ್ದದ್ದು 397 ಗ್ರಾಂ ತೂಕದ, ಸೀಸೆಯಾಕಾರದ ಮರದ ತುಂಡು. ಅದಕ್ಕೆ ಕ್ಲಬ್ ಎನ್ನುತ್ತಾರೆ. ಕುಳಿತು ಎಸೆಯುವ ಸ್ಪರ್ಧೆಗಳಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲಿನ ಎಸೆತಗಳನ್ನು ಒಂದರ ಹಿಂದೊಂದು ಮುಗಿಸಬೇಕು. ಚೌಕಟ್ಟು ಬಿಗಿದು ದೇಹವನ್ನು ಕಟ್ಟಿ ಬಿಚ್ಚುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ತಪ್ಪಾದರೆ ದೂರ ಹೋಗಿ ಕೂತು, ಉಸಿರು ಎಳೆದುಕೊಂಡು, ಮತ್ತೆ ಸರದಿಗೆ ಬರುವ ಅವಕಾಶವಿಲ್ಲ. ಐದನೇ ಎಸೆತಕ್ಕೆ ಧರಮ್‌ಬೀರ್ ತೋಳು ಬೀಸಿದರು. ಕ್ಲಬ್ ಹೋಗಿ ಬಿದ್ದದ್ದು 34.92 ಮೀಟರ್ ದೂರಕ್ಕೆ. ಏಷ್ಯಾದ ದಾಖಲೆ, ಚಿನ್ನದ ಪದಕ. ಬೆಳ್ಳಿಯೂ ಭಾರತಕ್ಕೇ ಬಂತು: ಪ್ರಣವ್ ಸೂರ್ಮಾ, 34.59 ಮೀಟರ್.

ಅದೇ ಫೈನಲ್‌ನಲ್ಲಿ ಮೂರನೆಯ ಭಾರತೀಯರೊಬ್ಬರಿದ್ದರು. ಅವರು ಅಮಿತ್ ಸರೋಹಾ. ಪದಕದಿಂದ ಬಹಳ ದೂರ ಉಳಿದರು. ಆದರೆ ಆ ಚಿನ್ನದ ಹಿಂದಿರುವ ಹೆಸರು ಅವರದ್ದೇ. ಹಾಕಿ ಆಟಗಾರನಾಗಿದ್ದ ಅಮಿತ್ 22ನೇ ವಯಸ್ಸಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು. 2012ರ ಲಂಡನ್‌ನಿಂದ ಹಿಡಿದು ನಾಲ್ಕು ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು, ಒಮ್ಮೆಯೂ ಪದಕ ಸಿಗಲಿಲ್ಲ. ಕಾಲುವೆಗೆ ಡೈವ್ ಹೊಡೆಯಲು ಹೋಗಿ ಬೆನ್ನುಹುರಿಗೆ ಪೆಟ್ಟಾಗಿದ್ದ ಧರಮ್‌ಬೀರ್‌ಗೆ ಕ್ಲಬ್ ಹಿಡಿಯುವುದನ್ನು ಕಲಿಸಿದ್ದು ಅವರು. ಭಾರತದ ಬಹುತೇಕರು ಹೆಸರನ್ನೂ ಕೇಳಿರದ ಒಂದು ಸ್ಪರ್ಧೆಯಲ್ಲಿ ನಮಗೆ ಆ ಚಿನ್ನ ಬಂದದ್ದು ಹೀಗೆ. ಒಬ್ಬ ಮನುಷ್ಯ ಒಂದು ಊರಿನಲ್ಲಿ ನಿಂತು ವರ್ಷಗಟ್ಟಲೆ ಕಲಿಸಿದ್ದರ ಫಲ ಅದು.

ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಒಟ್ಟು ಗಳಿಕೆ 29 ಪದಕ. 7 ಚಿನ್ನ, 9 ಬೆಳ್ಳಿ, 13 ಕಂಚು, ಪಟ್ಟಿಯಲ್ಲಿ 18ನೇ ಸ್ಥಾನ. ಈ ಅಂಕಿಯ ತೂಕ ತಿಳಿಯಬೇಕಾದರೆ ಹಿಂದಕ್ಕೆ ತಿರುಗಿ ನೋಡಬೇಕು. ಭಾರತ ಮೊದಲು ಭಾಗವಹಿಸಿದ 1968ರಿಂದ 2016ರ ರಿಯೊವರೆಗೆ, ಸುಮಾರು ಅರ್ಧ ಶತಮಾನದಲ್ಲಿ ನಮಗೆ ಸಿಕ್ಕಿದ್ದ ಪದಕಗಳು ಒಟ್ಟು 12. ಟೋಕಿಯೊದಲ್ಲಿ ಒಮ್ಮೆಗೇ 19 ಬಂದವು. ಪ್ಯಾರಿಸ್‌ನಲ್ಲಿ 29. ರಿಯೊಗೆ ಹೋದವರು 19 ಮಂದಿ, ಟೋಕಿಯೊಗೆ 54, ಪ್ಯಾರಿಸ್‌ಗೆ 84.

ಇಷ್ಟು ಕೇಳಿದ ಕೂಡಲೇ ನಮ್ಮಲ್ಲಿ ಒಂದು ಹೋಲಿಕೆ ಶುರುವಾಯಿತು. ಕೆಲವೇ ವಾರಗಳ ಹಿಂದೆ ಅದೇ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಒಂದು ಬೆಳ್ಳಿ, ಐದು ಕಂಚು ಗೆದ್ದು 71ನೇ ಸ್ಥಾನದಲ್ಲಿ ನಿಂತಿತ್ತು. ‘ಕೈಕಾಲು ಸರಿ ಇದ್ದವರಿಗಿಂತ ಇವರೇ ವಾಸಿ’ ಎಂಬ ಮಾತು ಚಹಾ ಅಂಗಡಿಯಿಂದ ಟಿವಿ ಚರ್ಚೆಯವರೆಗೆ ಓಡಾಡಿತು. ಹೊಗಳಿಕೆಯಂತೆ ಕೇಳಿಸುವ ಈ ಮಾತು ಎರಡೂ ತಂಡಗಳಿಗೆ ಅನ್ಯಾಯ ಮಾಡುತ್ತದೆ. ಒಲಿಂಪಿಕ್ಸ್‌ನಲ್ಲಿದ್ದದ್ದು 329 ಪದಕ ಸ್ಪರ್ಧೆಗಳು, ಪ್ಯಾರಾಲಿಂಪಿಕ್ಸ್‌ನಲ್ಲಿ 549. ಅದು ಬೇರೆಯೇ ಒಂದು ಕ್ರೀಡಾಲೋಕ. ಅದಕ್ಕೆ ಅದರದೇ ಲೆಕ್ಕಾಚಾರವಿದೆ, ಅದರದೇ ಕಠಿಣ ನಿಯಮಗಳಿವೆ. ಆ ಲೆಕ್ಕ ಅರ್ಥವಾಗದೆ 29ರ ಅರ್ಥವೂ ಆಗುವುದಿಲ್ಲ.

ಕುಸ್ತಿಯಲ್ಲಿ ತೂಕದ ವಿಭಾಗಗಳಿರುವಂತೆ ಇಲ್ಲಿ ವೈಕಲ್ಯದ ಸ್ವರೂಪ ಮತ್ತು ಪ್ರಮಾಣಕ್ಕೆ ತಕ್ಕ ವಿಭಾಗಗಳಿವೆ. ಅಥ್ಲೆಟಿಕ್ಸ್‌ನಲ್ಲಿ ‘ಟಿ’ ಎಂದರೆ ಓಟ ಮತ್ತು ಜಿಗಿತ, ‘ಎಫ್’ ಎಂದರೆ ಎಸೆತ. ಮುಂದಿನ ಅಂಕಿ ದೇಹದ ಕತೆ ಹೇಳುತ್ತದೆ. ಹನ್ನೊಂದರಿಂದ ಹದಿಮೂರು ದೃಷ್ಟಿದೋಷದವರಿಗೆ, ಇಪ್ಪತ್ತು ಬೌದ್ಧಿಕ ನ್ಯೂನತೆಯವರಿಗೆ. ಮೂವತ್ತರ ಸರಣಿ ಸೆರೆಬ್ರಲ್ ಪಾಲ್ಸಿಯಂಥ ಸ್ನಾಯು ನಿಯಂತ್ರಣದ ತೊಂದರೆ ಇರುವವರದ್ದು, 40 ಮತ್ತು 41 ಕುಳ್ಳ ದೇಹದವರದ್ದು. ಐವತ್ತರ ಸರಣಿ ಗಾಲಿಕುರ್ಚಿಯವರಿಗೆ ಮತ್ತು ಕುಳಿತು ಎಸೆಯುವವರಿಗೆ, ಅರವತ್ತರದ್ದು ಕೃತಕ ಕಾಲು ತೊಟ್ಟು ಸ್ಪರ್ಧಿಸುವವರಿಗೆ. ಸರಣಿಯೊಳಗೆ ಅಂಕಿ ಚಿಕ್ಕದಾದಷ್ಟೂ ತೊಂದರೆ ಹೆಚ್ಚು. ಧರಮ್‌ಬೀರ್ ಸ್ಪರ್ಧಿಸಿದ ಎಫ್‌51, ಐವತ್ತರ ಸರಣಿಯಲ್ಲೇ ಅತಿ ಹೆಚ್ಚು ವೈಕಲ್ಯವಿರುವವರದ್ದು.

ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕಾಣುವ ಈ ವ್ಯವಸ್ಥೆ ಮೈದಾನದಲ್ಲಿ ಅಷ್ಟು ಸಲೀಸಲ್ಲ. ಪ್ರತಿ ವಿಭಾಗಕ್ಕೂ ಪ್ರತಿ ಕ್ರೀಡೆಯಲ್ಲೂ ಪದಕ ಇರುವುದಿಲ್ಲ. ದೇವೇಂದ್ರ ಝಾಝಡಿಯಾ 2004ರ ಅಥೆನ್ಸ್‌ನಲ್ಲಿ ಜಾವೆಲಿನ್ ಚಿನ್ನ ಗೆದ್ದರು. ಮುಂದಿನ ಎರಡು ಪ್ಯಾರಾಲಿಂಪಿಕ್ಸ್‌ನಲ್ಲಿ ಅವರ ವಿಭಾಗದ ಸ್ಪರ್ಧೆಯೇ ಇರಲಿಲ್ಲ. ಹನ್ನೆರಡು ವರ್ಷ ಕಾದು ರಿಯೊದಲ್ಲಿ ಮತ್ತೆ ಚಿನ್ನ ಗೆದ್ದರು. ಅಂಥ ಕಾಯುವಿಕೆಯನ್ನು ಯಾವ ಪದಕ ಪಟ್ಟಿಯೂ ದಾಖಲಿಸುವುದಿಲ್ಲ. ಸಂದೀಪ್ ಚೌಧರಿ, ಕಾಲಿನ ತೊಂದರೆಯಿದ್ದೂ ಕೃತಕ ಕಾಲಿಲ್ಲದೆ ಸ್ಪರ್ಧಿಸುವವರ ಎಫ್‌44 ವಿಭಾಗದ ಜಾವೆಲಿನ್ ಎಸೆತಗಾರ. ಪ್ಯಾರಿಸ್‌ನಲ್ಲಿ ಆ ವಿಭಾಗಕ್ಕೆ ಪ್ರತ್ಯೇಕ ಪದಕವಿಲ್ಲದ ಕಾರಣ ಎಫ್‌64ರವರ ಜೊತೆ ಸ್ಪರ್ಧಿಸಬೇಕಾಯಿತು. ಅದೇ ಸ್ಪರ್ಧೆಯ ಚಿನ್ನ ಸುಮಿತ್ ಅಂಟಿಲ್ ಅವರದಾಯಿತು, 70.59 ಮೀಟರ್ ಎಸೆದು ಪ್ಯಾರಾಲಿಂಪಿಕ್ ದಾಖಲೆಯೊಂದಿಗೆ. ಸಂದೀಪ್ ನಾಲ್ಕನೆಯವರಾದರು. ಇನ್ನೂ ನೋವಿನ ಪ್ರಸಂಗ ಟೋಕಿಯೊದ್ದು. ಡಿಸ್ಕಸ್‌ನಲ್ಲಿ ಕಂಚು ಗೆದ್ದ ವಿನೋದ್ ಕುಮಾರ್ ಆ ವಿಭಾಗಕ್ಕೆ ಅರ್ಹರಲ್ಲ ಎಂದು ಮರುಪರಿಶೀಲನೆಯಲ್ಲಿ ತೀರ್ಮಾನವಾಗಿ ಪದಕ ರದ್ದಾಯಿತು. ಮೈಯ ಶಕ್ತಿಯನ್ನು ವೈದ್ಯರು, ತಜ್ಞರು ಅಳೆದು ಹೇಳುವ ಒಂದು ಸಂಖ್ಯೆಯ ಮೇಲೆ ಇಲ್ಲಿ ಕ್ರೀಡಾಪಟುವಿನ ಬದುಕೇ ನಿಂತಿರುತ್ತದೆ.

ವಿಭಾಗ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದಕ್ಕೆ ಬ್ಯಾಡ್ಮಿಂಟನ್ ನೋಡಬೇಕು. ಎಸ್‌ಎಲ್‌3 ವಿಭಾಗದಲ್ಲಿ ಕಾಲಿನ ತೊಂದರೆ ಹೆಚ್ಚಿರುವ ಕಾರಣ ಸಿಂಗಲ್ಸ್ ಆಟ ಅರ್ಧ ಅಂಕಣದಲ್ಲಿ ನಡೆಯುತ್ತದೆ. ಅರ್ಧ ಅಂಕಣ ಎಂದರೆ ಸುಲಭ ಎಂದುಕೊಳ್ಳಬೇಡಿ. ಎದುರಾಳಿಯನ್ನು ಎಡಬಲಕ್ಕೆ ಓಡಿಸಿ ಅಂಕ ಕಸಿಯುವ ದಾರಿ ಮುಚ್ಚಿಹೋಗುತ್ತದೆ. ಉಳಿಯುವುದು ಮುಂದೆ–ಹಿಂದೆ ಮಾತ್ರ. ಹಾಗಾಗಿ ರ‍್ಯಾಲಿಗಳು ಉದ್ದವಾಗುತ್ತವೆ, ತಾಳ್ಮೆಯೇ ಆಯುಧವಾಗುತ್ತದೆ. ರೈಲು ಅಪಘಾತದಲ್ಲಿ ಕಾಲು ಕಳೆದುಕೊಂಡು, ಐಐಟಿ ಮಂಡಿಯಲ್ಲಿ ಓದುತ್ತ ಬ್ಯಾಡ್ಮಿಂಟನ್ ಹಚ್ಚಿಕೊಂಡ ನಿತೇಶ್ ಕುಮಾರ್ ಬ್ರಿಟನ್ನಿನ ಡೇನಿಯಲ್ ಬೆಥೆಲ್ ವಿರುದ್ಧ 21–14, 18–21, 23–21ರಿಂದ ಚಿನ್ನ ಗೆದ್ದ ಫೈನಲ್ ಈ ಆಟದ ಸೊಗಸಿಗೆ ಒಳ್ಳೆಯ ಮಾದರಿ. ಒಂದು ಹೆಜ್ಜೆ ಮೇಲಿನ ಎಸ್‌ಎಲ್‌4ರಲ್ಲಿ ಪೂರ್ಣ ಅಂಕಣ. ಅಲ್ಲಿ ಬೆಳ್ಳಿ ಗೆದ್ದವರು ನಮ್ಮ ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಉತ್ತರ ಪ್ರದೇಶ ಕೇಡರ್‌ನ ಐಎಎಸ್ ಅಧಿಕಾರಿಯಾದ ಸುಹಾಸ್ ಯತಿರಾಜ್. ಟೋಕಿಯೊದಲ್ಲೂ ಪ್ಯಾರಿಸ್‌ನಲ್ಲೂ ಅವರಿಗೆ ಅಡ್ಡ ನಿಂತದ್ದು ಒಬ್ಬರೇ, ಫ್ರಾನ್ಸಿನ ಲೂಕಾ ಮಜೂರ್.

ಶೀತಲ್ ದೇವಿಯ ಬಿಲ್ಲುಗಾರಿಕೆಯನ್ನು ಒಮ್ಮೆಯಾದರೂ ವಿಡಿಯೊದಲ್ಲಿ ನಿಧಾನವಾಗಿ ನೋಡಿ ಎಂದು ಓದುಗರಲ್ಲಿ ಕೇಳಿಕೊಳ್ಳುತ್ತೇನೆ. ಜಮ್ಮುವಿನ ಕಿಶ್ತವಾಡ ಜಿಲ್ಲೆಯ ಈ ಹುಡುಗಿಗೆ ಹುಟ್ಟಿನಿಂದಲೇ ಎರಡೂ ತೋಳುಗಳಿಲ್ಲ. ಪ್ಯಾರಿಸ್‌ಗೆ ಹೋದಾಗ ವಯಸ್ಸು 17. ಕುರ್ಚಿಯಲ್ಲಿ ಕೂತು ಬಲಗಾಲಿನ ಬೆರಳುಗಳಲ್ಲಿ ಬಿಲ್ಲನ್ನು ಹಿಡಿದು ಎತ್ತುತ್ತಾಳೆ. ಬಾಣ ಹೂಡುವುದೂ ಕಾಲಿನಿಂದಲೇ. ಬಲ ಹೆಗಲಿಗೆ ಕಟ್ಟಿದ ಪಟ್ಟಿಯ ಕೊಂಡಿಗೆ ಹೆದೆಯನ್ನು ಸಿಕ್ಕಿಸಿ, ಕಾಲನ್ನು ಮುಂದಕ್ಕೆ ಚಾಚುತ್ತ ಹೆಗಲನ್ನು ಹಿಂದಕ್ಕೆ ಎಳೆದಾಗ ಬಿಲ್ಲು ಬಾಗುತ್ತದೆ. ಗುರಿ ಕೂಡಿದ ಕ್ಷಣ ಬಾಯಿಯಿಂದ ಟ್ರಿಗರ್ ಒತ್ತಿ ಬಾಣ ಬಿಡುತ್ತಾಳೆ. ಅರ್ಹತಾ ಸುತ್ತಿನಲ್ಲಿ 720ಕ್ಕೆ 703 ಅಂಕ ಗಳಿಸಿದಳು. ವೈಯಕ್ತಿಕ ಸ್ಪರ್ಧೆಯಲ್ಲಿ ಚಿಲಿಯ ಮರಿಯಾನಾ ಜುನಿಗಾ ಎದುರು ಒಂದೇ ಒಂದು ಅಂಕದಿಂದ ಸೋತಳು. ರಾಕೇಶ್ ಕುಮಾರ್ ಜೊತೆಗೂಡಿ ಮಿಶ್ರ ತಂಡ ವಿಭಾಗದಲ್ಲಿ ಇಟಲಿಯನ್ನು 156–155ರಿಂದ ಸೋಲಿಸಿ ಕಂಚು ತಂದಳು. ಮೊದಲು ಅವಳನ್ನು ಗುರುತಿಸಿದ್ದು ಆ ಭಾಗದಲ್ಲಿದ್ದ ಸೇನಾ ಘಟಕ. ಕೃತಕ ತೋಳು ಜೋಡಿಸಲೆಂದು ಬೆಂಗಳೂರಿಗೂ ಕರೆತಂದಿದ್ದರು. ತೋಳು ಹೊಂದಲಿಲ್ಲ, ಆದರೆ ಅವಳ ಮೈಯಲ್ಲಿದ್ದ ಕ್ರೀಡಾಪಟುವನ್ನು ಕಂಡವರು ಇಲ್ಲಿದ್ದರು. ಅಲ್ಲಿಂದ ಕಟ್ರಾದ ಬಿಲ್ಲುಗಾರಿಕೆ ಅಕಾಡೆಮಿಗೆ ದಾರಿ ತೆರೆಯಿತು.

ಧರಮ್‌ಬೀರ್‌ಗೆ ಅಮಿತ್ ಸರೋಹಾ, ಶೀತಲ್‌ಗೆ ಸೇನೆ ಮತ್ತು ಕಟ್ರಾದ ತರಬೇತುದಾರರು. ಪ್ಯಾರಿಸ್ ಪದಕಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಹೀಗೆ ಯಾರೋ ಒಬ್ಬರು, ಯಾವುದೋ ಒಂದು ಬಾಗಿಲು ಕಾಣಿಸುತ್ತದೆ. ನಾಗಾಲ್ಯಾಂಡಿನ ಹೊಕಾಟೊ ಸೆಮಾ ನೆಲಬಾಂಬ್ ಸ್ಫೋಟದಲ್ಲಿ ಕಾಲು ಕಳೆದುಕೊಂಡ ಸೈನಿಕ. ಅವರನ್ನು ಶಾಟ್‌ಪಟ್‌ನತ್ತ ತಿರುಗಿಸಿದ್ದು ಸೇನೆಯ ವ್ಯವಸ್ಥೆ. ವಾರಂಗಲ್ ಜಿಲ್ಲೆಯ ದೀಪ್ತಿ ಜೀವಾಂಜಿಯ ಓಟದ ಹಿಂದೆ ತರಬೇತುದಾರ ನಾಗಪುರಿ ರಮೇಶ್ ಇದ್ದಾರೆ. ಸೇಲಂ ಜಿಲ್ಲೆಯ ಎತ್ತರ ಜಿಗಿತಗಾರ ಮಾರಿಯಪ್ಪನ್ ತಂಗವೇಲು ಬೆಂಗಳೂರಿಗೆ ಬಂದು ತರಬೇತುದಾರ ಸತ್ಯನಾರಾಯಣ ಅವರ ಬಳಿ ಪಳಗಿದವರು. ಸತತ ಮೂರು ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರನ್ನೂ ಕಂಡರು. ಇವೆಲ್ಲವನ್ನೂ ‘ಛಲ’ ಎಂದು ಕರೆದು ಚಪ್ಪಾಳೆ ತಟ್ಟುವುದು ಸುಲಭ. ಛಲ ಲಕ್ಷಾಂತರ ಜನರಲ್ಲಿದೆ. ಬಾಗಿಲು ತೆರೆದಿದ್ದು ಕೆಲವರಿಗೆ ಮಾತ್ರ.

ಆ ಬಾಗಿಲೂ ಇತ್ತೀಚಿನದು. 2015ರ ಮಾರ್ಚ್‌ನಲ್ಲಿ ಗಾಜಿಯಾಬಾದ್‌ನಲ್ಲಿ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ನಡೆದಾಗ ಕ್ರೀಡಾಪಟುಗಳಿಗೆ ಮಲಗಲು ಸರಿಯಾದ ಜಾಗವಿರಲಿಲ್ಲ, ಗಾಲಿಕುರ್ಚಿ ಒಳಹೋಗುವ ಶೌಚಾಲಯವಿರಲಿಲ್ಲ. ಆ ದೃಶ್ಯಗಳು ಹೊರಬಿದ್ದ ಮೇಲೆ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಭಾರತದ ಪ್ಯಾರಾಲಿಂಪಿಕ್ ಸಮಿತಿಯನ್ನೇ ಅಮಾನತಿನಲ್ಲಿಟ್ಟಿತು. ಅಲ್ಲಿಂದ ಹತ್ತು ವರ್ಷದೊಳಗೆ ಪದಕದ ಭರವಸೆಯಿರುವವರಿಗೆ ನೆರವು ಕೊಡುವ ಸರ್ಕಾರದ ಟಾಪ್ಸ್ ಯೋಜನೆಯಲ್ಲಿ ಪ್ಯಾರಾ ಕ್ರೀಡಾಪಟುಗಳಿಗೆ ಜಾಗ ಸಿಕ್ಕಿತು, ವಿದೇಶಿ ಸ್ಪರ್ಧೆಗಳಿಗೆ ಹೋಗಿಬರುವ ಖರ್ಚು ಸಿಕ್ಕಿತು, 2023ರ ಡಿಸೆಂಬರ್‌ನಲ್ಲಿ ಮೊದಲ ಖೇಲೊ ಇಂಡಿಯಾ ಪ್ಯಾರಾ ಕ್ರೀಡಾಕೂಟ ದೆಹಲಿಯಲ್ಲಿ ನಡೆಯಿತು. 2024ರಲ್ಲಿ ಝಾಝಡಿಯಾ ಅವರೇ ಭಾರತದ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷರಾದರು. 2025ರಲ್ಲಿ ದೆಹಲಿಯಲ್ಲೇ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ನಡೆದಾಗ ಭಾರತಕ್ಕೆ 22 ಪದಕ ಬಂದವು. ಗಾಜಿಯಾಬಾದ್‌ನಿಂದ ಇಲ್ಲಿಯವರೆಗಿನ ದೂರವನ್ನು ಯಾರೂ ಕಡಿಮೆ ಎನ್ನಲಾರರು.

ಹೀಗಿದ್ದೂ ಪ್ಯಾರಿಸ್‌ನ ಪದಕ ಪಟ್ಟಿಯನ್ನು ಭೂಪಟದ ಮೇಲೆ ಹರಡಿ ನೋಡಿದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಏಳು ಚಿನ್ನದಲ್ಲಿ ಐದು ಹರಿಯಾಣ ಮೂಲದವರದ್ದು: ಸುಮಿತ್, ಧರಮ್‌ಬೀರ್, ಜಾವೆಲಿನ್ ಎಸೆತಗಾರ ನವದೀಪ್, ಬಿಲ್ಲುಗಾರ ಹರ್ವಿಂದರ್, ನಿತೇಶ್. 29ರಲ್ಲಿ 17 ಅಥ್ಲೆಟಿಕ್ಸ್‌ನಿಂದಲೇ ಬಂದವು. ಉಳಿದ 12 ಬ್ಯಾಡ್ಮಿಂಟನ್, ಶೂಟಿಂಗ್, ಆರ್ಚರಿ, ಜೂಡೊಗಳಿಂದ. ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್, ಗೋಲ್‌ಬಾಲ್‌ನಂಥ ತಂಡ ಆಟಗಳಲ್ಲಿ ಭಾರತ ಇರಲೇ ಇಲ್ಲ. ಹೆಚ್ಚು ಕಾಡುವುದು ಈಜು. ಪ್ಯಾರಿಸ್‌ನಲ್ಲಿ ಈಜಿಗೆ ಮೀಸಲಾಗಿದ್ದ ಪದಕ ಸ್ಪರ್ಧೆಗಳು 141. ಅಥ್ಲೆಟಿಕ್ಸ್ ಬಿಟ್ಟರೆ ಇದೇ ದೊಡ್ಡದು, ಇಡೀ ಕೂಟದ ಕಾಲು ಭಾಗ. ಆ ಕೊಳಕ್ಕೆ ಇಳಿದ ಭಾರತೀಯ ಒಬ್ಬನೇ: ಸೊಲ್ಲಾಪುರದ ಸುಯಶ್ ಜಾಧವ್. 94 ಚಿನ್ನ ಸೇರಿ 220 ಪದಕ ಗೆದ್ದು ಪಟ್ಟಿಯ ತುದಿಯಲ್ಲಿದ್ದ ಚೀನಾ ತನ್ನ ಬಲ ಕಟ್ಟಿಕೊಂಡಿರುವುದರಲ್ಲಿ ಈಜುಕೊಳದ ಪಾಲು ದೊಡ್ಡದು.

ಇದರಲ್ಲಿ ಇನ್ನೂ ಒಂದು ಸಂಕಟವಿದೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಚಿನ್ನ ಬಂದದ್ದೇ ಈಜಿನಲ್ಲಿ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಗೆದ್ದರು. ಅವರ ಬದುಕಿನ ಮೇಲೆ 2024ರಲ್ಲಿ ಹಿಂದಿ ಸಿನಿಮಾ ಕೂಡ ಬಂತು. ಆದರೆ ಅವರ ನಂತರ ಈಜಿನಲ್ಲಿ ಭಾರತಕ್ಕೆ ಪ್ಯಾರಾಲಿಂಪಿಕ್ ಪದಕವಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ, ಪೋಲಿಯೊ ತಗುಲಿದವರಿಗೆ ನೀರು ದೇಹದ ಭಾರವನ್ನು ಹೊರುತ್ತದೆ. ನೆಲದ ಮೇಲೆ ಸಾಧ್ಯವಾಗದ ಚಲನೆ ಅಲ್ಲಿ ಸಾಧ್ಯ. ಪ್ರಪಂಚದ ಎಷ್ಟೋ ಕಡೆ ಚಿಕಿತ್ಸೆ ಎಂದು ಶುರುವಾದ ಈಜು ಸ್ಪರ್ಧೆಯಾಗಿ ಬೆಳೆದದ್ದು ಅದಕ್ಕೇ. ನಮ್ಮಲ್ಲಿ ಮಾತ್ರ ಬೆಳೆಯಲಿಲ್ಲ.

ಕಾರಣ ನಿಗೂಢವೇನಲ್ಲ. ಜಾವೆಲಿನ್‌ಗೆ ಒಂದು ಬಯಲು ಸಾಕು. ಈಜುಕೊಳಕ್ಕೆ ಮೊದಲು ತಲುಪಬೇಕು. ಹತ್ತಲಾಗದ ಬಸ್ಸು, ಗೇಟಿನಿಂದ ಕೊಳದವರೆಗೆ ಮೆಟ್ಟಿಲು, ಗಾಲಿಕುರ್ಚಿ ತಿರುಗದ ಬಟ್ಟೆ ಬದಲಿಸುವ ಕೋಣೆ, ನೀರಿಗಿಳಿಯಲು ನೆಟ್ಟಗೆ ನಿಂತ ಉಕ್ಕಿನ ಏಣಿ. ಇಷ್ಟೆಲ್ಲ ದಾಟಿ ಬಂದ ಮಗುವನ್ನು ಕೈಹಿಡಿದು ಇಳಿಸಿಕೊಳ್ಳಲು ತಿಳಿದ ತರಬೇತುದಾರ ಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮಗು ಮನೆಯಲ್ಲೇ ಉಳಿಯುತ್ತದೆ. ಕೊಂಡಿಗಳೆಲ್ಲ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಶರತ್ ಗಾಯಕವಾಡ್ ಇಲ್ಲಿ ಈಜು ಕಲಿತು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋದರು, 2014ರ ಇಂಚೆನ್ ಏಷ್ಯನ್ ಪ್ಯಾರಾ ಕೂಟದಲ್ಲಿ ಆರು ಪದಕ ಗೆದ್ದರು. ನಿರಂಜನ್ ಮುಕುಂದನ್ ಟೋಕಿಯೊದ ಕೊಳದವರೆಗೆ ಹೋಗಿಬಂದರು. ರಾಜ್ಯದ ಉಳಿದ ಊರುಗಳ ಕೊಳಗಳಿಂದ ಇಂಥ ಎಷ್ಟು ಹೆಸರು ಹೊರಬರಬಹುದಿತ್ತು ಎಂಬ ಪ್ರಶ್ನೆಗೆ ನಾವೇ ಉತ್ತರ ಹೇಳಬೇಕು.

ಕರ್ನಾಟಕಕ್ಕೆ ಈ ಕ್ಷೇತ್ರ ಹೊಸದಲ್ಲ. ಬೆಂಗಳೂರಿನ ಮಾಲತಿ ಹೊಳ್ಳ ಪೋಲಿಯೊ ಪೀಡಿತ ದೇಹದೊಂದಿಗೆ ದಶಕಗಳ ಕಾಲ ಗಾಲಿಕುರ್ಚಿಯಲ್ಲಿ ಸ್ಪರ್ಧಿಸಿದವರು, ಅರ್ಜುನ ಪ್ರಶಸ್ತಿ, ಪದ್ಮಶ್ರೀ ಎರಡನ್ನೂ ಪಡೆದವರು. ಲಂಡನ್‌ನಲ್ಲಿ ಇಡೀ ಭಾರತಕ್ಕೆ ಸಿಕ್ಕಿದ ಒಂದೇ ಪದಕ ತಂದವರು ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. ಎತ್ತರ ಜಿಗಿತದಲ್ಲಿ ಮೂವರು 1.74 ಮೀಟರ್ ದಾಟಿದ್ದರು. ವಿಫಲ ಯತ್ನಗಳ ಲೆಕ್ಕದಲ್ಲಿ ಚಿನ್ನ ಫಿಜಿಯ ಇಲಿಯೆಸಾ ಡೆಲಾನಾ ಪಾಲಾಯಿತು, ಗಿರೀಶರಿಗೆ ಬೆಳ್ಳಿ. ಆಮೇಲಿನ ಮೂರು ಕೂಟಗಳಲ್ಲಿ ಎತ್ತರ ಜಿಗಿತದ ವೇದಿಕೆಯ ಮೇಲೆ ಭಾರತೀಯರು ತಪ್ಪಲೇ ಇಲ್ಲ. ಪ್ಯಾರಿಸ್‌ನಲ್ಲಿ ಪ್ರವೀಣ್ ಕುಮಾರ್ 2.08 ಮೀಟರ್ ಜಿಗಿದು ಚಿನ್ನ ಗೆದ್ದರು, ನಿಶಾದ್ ಕುಮಾರ್ ಮತ್ತು ಶರದ್ ಕುಮಾರ್ ಬೆಳ್ಳಿ, ಮಾರಿಯಪ್ಪನ್ ಕಂಚು. ದಾರಿ ಇದೆ ಎಂದು ಒಬ್ಬ ತೋರಿಸಿದರೆ ಹಿಂದೆ ಬರುವವರಿಗೆ ಧೈರ್ಯ ಬರುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಪ್ಯಾರಿಸ್‌ನಲ್ಲಿ ಪದಕ ಗೆಲ್ಲಲಿಲ್ಲ, ಫೈನಲ್ಲನ್ನೂ ತಲುಪಲಿಲ್ಲ. ಆದರೂ ಅವರ 1500 ಮೀಟರ್ ಓಟದ ಬಗ್ಗೆ ಬರೆಯದೆ ಈ ಲೇಖನ ಮುಗಿಸಲಾರೆ. ಹುಟ್ಟಿನಿಂದ ದೃಷ್ಟಿಯಿಲ್ಲದ ರಕ್ಷಿತಾ ಸ್ಪರ್ಧಿಸುವುದು ಟಿ11 ವಿಭಾಗದಲ್ಲಿ. ಅಲ್ಲಿ ಓಟಗಾರ್ತಿಯ ಕಣ್ಣಿಗೆ ಪಟ್ಟಿ ಕಟ್ಟಿರುತ್ತದೆ, ಪಕ್ಕದಲ್ಲಿ ದಾರಿ ತೋರುವ ಜೊತೆಗಾರ ಓಡುತ್ತಾನೆ, ಇಬ್ಬರ ಕೈಗಳ ನಡುವೆ ಒಂದು ಚಿಕ್ಕ ದಾರ. ತಿರುವು ಬಂದಾಗ ಮಾತಿನಲ್ಲಿ ಸೂಚನೆ, ಉಳಿದಂತೆ ಹೆಜ್ಜೆಗೆ ಹೆಜ್ಜೆ, ತೋಳಿಗೆ ತೋಳು ಕೂಡಬೇಕು. ಗೆರೆಯನ್ನು ಜೊತೆಗಾರ ಮೊದಲು ದಾಟುವಂತಿಲ್ಲ. ಪ್ಯಾರಿಸ್‌ನಲ್ಲಿ ರಕ್ಷಿತಾ ಜೊತೆ ಓಡಿದವರು ರಾಹುಲ್ ಬಾಲಕೃಷ್ಣ. ಹೀಗೆ ಒಬ್ಬಳು ಓಡಬೇಕಾದರೆ ಅವಳಿಗಿಂತ ವೇಗವಾಗಿ ಓಡಬಲ್ಲ ಇನ್ನೊಬ್ಬ ತನ್ನ ವರ್ಷಗಳನ್ನು ಕೊಡಬೇಕು. ಇದೇ ಪ್ಯಾರಿಸ್‌ನಲ್ಲಿ ಟಿ12 ವಿಭಾಗದ 200 ಮೀಟರ್‌ನಲ್ಲಿ ಕಂಚು ಗೆದ್ದ ಸಿಮ್ರನ್ ಶರ್ಮಾ ಜೊತೆ ಅಭಯ್ ಸಿಂಗ್ ಓಡಿದ್ದರು. ನಮ್ಮ ಜಿಲ್ಲಾ ಮಟ್ಟದ ಓಟಗಾರರಲ್ಲಿ ರಾಷ್ಟ್ರೀಯ ತಂಡಕ್ಕೆ ಒಂದಿಷ್ಟರಲ್ಲಿ ತಪ್ಪಿಸಿಕೊಂಡವರು ಎಷ್ಟೋ ಜನರಿದ್ದಾರೆ. ಅವರಲ್ಲಿ ಹತ್ತು ಮಂದಿ ಹೀಗೆ ಜೊತೆ ಓಡಲು ಮುಂದಾದರೂ ನಮ್ಮ ಅಂಧ ಶಾಲೆಗಳ ಅಂಗಳದ ಚಿತ್ರ ಬೇರೆಯಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಅಂಗವಿಕಲರು ಆಟಗಳಲ್ಲಿ ಭಾಗವಹಿಸಲು ತಕ್ಕ ಸೌಲಭ್ಯ ಒದಗಿಸುವುದು ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. ಕಾನೂನು ಕಾಗದದಿಂದ ಕ್ರೀಡಾಂಗಣಕ್ಕೆ ಇಳಿಯಬೇಕಾದರೆ ಕೇಳುವವರು ಬೇಕು. ನಿಮ್ಮ ತಾಲ್ಲೂಕು ಕ್ರೀಡಾಂಗಣಕ್ಕೆ, ನಗರಸಭೆಯ ಈಜುಕೊಳಕ್ಕೆ ಒಮ್ಮೆ ಹೋಗಿ ಗಾಲಿಕುರ್ಚಿ ಒಳಹೋಗುವ ದಾರಿ ಇದೆಯೇ ನೋಡಿ. ಇಲ್ಲದಿದ್ದರೆ ಸೆಕ್ಷನ್ ಸಂಖ್ಯೆ ಬರೆದು ಅರ್ಜಿ ಕೊಡಿ. ನೀವು ಶಿಕ್ಷಕರಾಗಿದ್ದರೆ, ಪಿ.ಟಿ. ಪಿರಿಯಡ್‌ನಲ್ಲಿ ತರಗತಿಯಲ್ಲೇ ಕೂತು ಉಳಿದವರ ಬ್ಯಾಗು ಕಾಯುವ ಮಗುವನ್ನು ನಾಳೆಯಿಂದಲೇ ಮೈದಾನಕ್ಕೆ ಕರೆದುಕೊಂಡು ಹೋಗಿ. ಮುಂದಿನ ಪ್ಯಾರಾಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ, 2028ರ ಆಗಸ್ಟ್ 15ರಂದು ಶುರುವಾಗುತ್ತದೆ.